ಜರ್ಮನಿಯ ಭಟ್ಟಿ, ಶಹಾಬಾದಿನ ಕಡ್ಡಿ

ವಾಡಿ ಜಂಕ್ಷನ್

ಜರ್ಮನಿಗೆ ಹೋಗಿ ಬಂದೀನಿ ಅಂದ್ರ ನಮ್ಮ ಓಣಿ ಮಂದಿ ಮೊದಲು ಕೇಳೋದು, ಅಲ್ಲಿ ಊಟಕ್ಕ ಏನ್ ಮಾಡ್ದಿ ಅಂತ. ಆಮ್ಯಾಲ ಥಂಡಿ ಭಾಳ ಇತ್ತೇನು ಅಂತ. ಯಾಕ ಹೋಗಿದ್ದಿ ಅಂತ ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ರ ಹೇಳಾಕ ನನಗೂ ತಾಸು ಹಿಡೀತದ. ಇಲ್ಲಿ ಜಾಗಾ ಸಿಕ್ಕದ, ಹೇಳಿಬಿಡ್ತೀನಿ.

ನಾನು ಮಹಾನಂದಾ, ಶಹಾಬಾದದಾಗ ಚನ್ನಬಸಪ್ಪ ಸಾಹುಕಾರ್ರ ಸಣ್ಣ ಕಾರ್ಖಾನಿಗೆ ಫೋರ್ಮನ್. ನಾವು ಉರಿ ಅಳೆಯೋ ಕಡ್ಡಿ ಮಾಡ್ತೀವಿ. ಸಿಮೆಂಟಿನ ಭಟ್ಟಿ ಒಳಗ ಎಷ್ಟು ಬಿಸಿ ಅದ ಅಂತ ಕೈ ಹಾಕಿ ನೋಡಾಕ ಬರಂಗಿಲ್ಲ. ಅದಕ್ಕ ಒಂದು ಪಿಂಗಾಣಿ ಕೊಳವಿ ತೂರಸ್ತಾರ, ಕೊಳವಿಯೊಳಗ ತಂತಿ ಇರ್ತದ, ತಂತಿ ಹೊರಗಿನ ಮೀಟರಿಗೆ ಸುದ್ದಿ ಮುಟ್ಟಿಸ್ತದ. ಕೊಳವಿ ಪಿಂಗಾಣಿದು, ಅದರ ಕೊರಳಿಗೆ ಹಾಕೋ ಕಾಲರು ಲೋಹದ್ದು. ಈ ಎರಡನ್ನ ಕೂಡ್ಸೋದು ಅಂದ್ರ ಮಾತು ಬಿಟ್ಟ ಬೀಗರನ್ನ ಒಂದೇ ಪಂಕ್ತಿಗೆ ಕುಂದ್ರಿಸಿದಂಗ. ಲೋಹ ಬಿಸಿ ತಾಕಿದ ಕೂಡ್ಲೆ ಉಬ್ಬತದ, ಪಿಂಗಾಣಿ ಹಠ ಹಿಡಿದು ಇದ್ದಷ್ಟೇ ಇರ್ತದ. ನಾವು ನಡುವ ಒಂದು ಬಿಳಿ ಲೇಪ ಹಚ್ಚಿ, ಒಣಗಿಸಿ ಕಳಸ್ತಿದ್ದಿವಿ. ಸ್ವಲ್ಪ ದಿನಕ್ಕ ಲೇಪ ಉದುರಿ, ಕೊರಳು ಸಡ್ಲಾಗಿ, ಕಡ್ಡಿ ಗೋಣಿಚೀಲದಾಗ ವಾಪಸ್ ಬರ್ತಿದ್ವು. ಚೀಲ ತಂದ ಟೆಂಪೋದವ "ಮಹಾನಂದಕ್ಕಾ, ನಿಮ್ಮ ಮಕ್ಕಳು ತವರಿಗೆ ಬಂದ್ವು ನೋಡ್ರಿ" ಅಂತಿದ್ದ. ಆ ಟೆಂಪೋ ಶಬ್ದ ಕೇಳಿದ್ರ ಸಾಕು, ನಾ ಹಿಂದಿನ ಬಾಗಿಲಿಂದ ಹೊರಗ ಹೋಗಿಬಿಡ್ತಿದ್ದೆ.

ಸಾಹುಕಾರ್ರ ಮಕ್ಕಳು ಬ್ಯಾಸತ್ತು, ಈ ಕಡ್ಡಿ ಬಂದ್ ಮಾಡಿ ಶೆಡ್ಡನ್ನ ನೆಲಕ್ಕ ಹಾಸೋ ಫರ್ಸಿಕಲ್ಲಿನ ಗೋಡೌನ್ ಮಾಡೋಣ ಅಂತ ಗಂಟು ಬಿದ್ದಿದ್ರು. ಆ ಶೆಡ್ಡಿನಾಗ ಕೆಲಸ ಮಾಡೋರು ನಾನು, ಮತ್ತ ನಾ ಕಲಿಸಿದ ಹೆಣ್ಮಕ್ಕಳು. ಫರ್ಸಿ ಎತ್ತಾಕ ನಮ್ಮನ್ನ ಯಾರೂ ಕರ್ಯಂಗಿಲ್ಲ. ಅಷ್ಟರಾಗ ಜರ್ಮನಿಯ ಒಂದು ಕಂಪನಿ ತನ್ನ ಕಡ್ಡಿಗಳನ್ನ ನಮ್ಮ ಕಡಿಂದ ಮಾಡಿಸ್ಕೋತೀನಿ ಅಂತು. ಷರತ್ತು ಒಂದೇ: ನಿಮ್ಮವರು ಯಾರರ ಬಂದು, ಬೆಳ್ಳಿ ಬೆಸುಗಿ ಕಲ್ತು, ತಮ್ಮ ಕೈಯಿಂದ ಪಿಂಗಾಣಿ ಲೋಹ ಕೂಡಿದ ಒಂದು ಜೋಡು ಮಾಡಿ ತೋರಸ್ಬೇಕು. ಅದು ಪಾಸಾದ್ರ ಅವರ ಹಳೇ ಭಟ್ಟಿ ಶಹಾಬಾದಿಗೆ ಬರ್ತದ. ಫೇಲಾದ್ರ ಫರ್ಸಿ ಗೋಡೌನ್. ಕಲಿಯಾಕ ನಾನು, ಜೊತಿಗೆ ಸಾಹುಕಾರ್ರು. ಅವರು ಯಾಕ ಅಂತ ಕೇಳಬ್ಯಾಡ್ರಿ. ಮಾಲಕರು, ವಯಸ್ಸಿನಾಗ ನನ್ನ ಮಾವನ ವಾರಿಗಿ, ಒಮ್ಮಿನೂ ವಿಮಾನ ಹತ್ತಿದ್ದಿಲ್ಲ, ಅಷ್ಟೇ ಕಾರಣ.

ವಾಡಿಯಾಗ ಹೈದರಾಬಾದ್ ರೈಲು ಹತ್ತಿದ್ವಿ. ಚಿತ್ತಾಪುರ ದಾಟಿ ಸೇಡಂ ಬಂದಾಗ ಸಾಹುಕಾರ್ರ ಅಕ್ಕ ಪ್ಲಾಟ್‌ಫಾರ್ಮಿನ ಮ್ಯಾಲ ನಿಂತಿದ್ರು. ಬಾಗಿಲಾಗಿಂದ ಒಂದು ದೊಡ್ಡ ಗಂಟು ಒಳಗ ತುರುಕಿದ್ರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜ್ವಾಳದ ಹಿಟ್ಟು, ಮತ್ತ ಬಟ್ಟ್ಯಾಗ ಸುತ್ತಿದ ವಿಭೂತಿ ಗಟ್ಟಿ.

"ಇದು ಪೇಟಿ ಮಾಲಲ್ಲ, ಕುಂಚಾವರಂ ಅಡವ್ಯಾಗ ಮೇಯೋ ಆಕಳ ಸಗಣಿದು," ಅಂದ್ರು ಅಕ್ಕಾರು. "ಚನ್ನಬಸೂ, ಇದನ್ನ ಹಚ್ಚದ ಅಲ್ಲಿ ಯಾವ ಕೆಲಸಕ್ಕೂ ಕೈ ಹಾಕಬ್ಯಾಡ."

ಸಾಹುಕಾರ್ರು ತಲಿ ಅಲ್ಲಾಡಿಸಿದ್ರು. ನಾ ಆಗ ಲಕ್ಷ್ಯ ಕೊಡ್ಲಿಲ್ಲ, ಗಂಟು ಎಲ್ಲಿ ಇಡೋದು ಅಂತ ನೋಡಾಕತ್ತಿದ್ದೆ.

ಫ್ರಾಂಕ್‌ಫರ್ಟ್

ಹೈದರಾಬಾದದಾಗ ನಮ್ಮ ಗಂಟು ಬಿಚ್ಚಿಸಿದ ಆಫೀಸರ್ ವಿಭೂತಿ ನೋಡಿ ಕೈ ಮುಗಿದು, ತನಗೂ ಸ್ವಲ್ಪ ಇಸ್ಕೊಂಡು ಬಿಟ್ಟುಕೊಟ್ಟ. ಫ್ರಾಂಕ್‌ಫರ್ಟಿನಾಗ ಹಂಗ ಆಗ್ಲಿಲ್ಲ. ಅಲ್ಲಿ ಒಂದು ನಾಯಿ ಬಂತು. ನಮ್ಮ ಚೀಲ ಮೂಸಿ, ಶೇಂಗಾ ಹಿಂಡಿಯ ಬಳ್ಳೊಳ್ಳಿ ವಾಸನಿಗೆ ಮನಸೋತು, ಅಲ್ಲೇ ಕುಂತುಬಿಡ್ತು. ಎಷ್ಟು ಜಗ್ಗಿದ್ರೂ ಏಳವಲ್ದು. ಅದು ಕುಂತ್ರ ಒಳಗ ಏನೋ ಅದ ಅಂತ ಅರ್ಥವಂತ. ಒಬ್ಬಾಕಿ ಆಫೀಸರ್ ಬಂದು ಗಂಟು ಬಿಚ್ಚಿದಳು. ಬಿಳೇ ಗಟ್ಟಿ ಸಾಲಾಗಿ ಹೊರಗ ಬಂದ್ವು. ಆಕಿ ಮೋತಿ ಮ್ಯಾಲಿನ ನಗು ಮಾಯ ಆತು.

"ಇದು ಏನು?"

"ಬೂದಿ," ಅಂದೆ.

"ಯಾರದ್ದು?"

ಯಪ್ಪಾ, ಆಕಿ ಮನಿಶ್ಯಾರ ಬೂದಿ ಅಂತ ತಿಳ್ಕೊಂಡಾಳ ಅಂತ ನನಗ ಹೊಳಿಯಾಕ ಸ್ವಲ್ಪ ಹೊತ್ತು ಹಿಡೀತು. ಆಕಳ ಸಗಣಿದು ಅಂತ ಹೇಳಿದೆ. ಅದರಿಂದ ಪರಿಸ್ಥಿತಿ ಏನೂ ಸುಧಾರಿಸ್ಲಿಲ್ಲ. ಇದನ್ನ ಏನು ಮಾಡ್ತೀರಿ ಅಂತ ಕೇಳಿದಳು. ಸಾಹುಕಾರ್ರಿಗೆ ಇಂಗ್ಲಿಷ್ ಬರಂಗಿಲ್ಲ, ಆದ್ರ ಪ್ರಶ್ನಿ ತಿಳೀತು. ಗಟ್ಟಿ ತಗೊಂಡು, ಬಾಟಲಿ ನೀರು ಹನಿಸಿ, ಮೂರು ಬೆರಳಿಲೆ ತಿಕ್ಕಿ ಹಣಿಗೆ ಎಳೆದ್ರು. ಆಮ್ಯಾಲ ವಿಷ ಅಲ್ಲ ಅಂತ ತೋರ್ಸಾಕ ಒಂದು ಚಿಟಿಗಿ ಬಾಯಾಗ ಹಾಕ್ಕೊಂಡ್ರು. ಅದರ ಮ್ಯಾಲ ಹೊರದೇಶದವರ ಜೋಡಿ ಅವರು ಮಾತಾಡೋ ಭಾಷಾದಾಗ, ಅಂದ್ರ ನಮ್ಮ ಶಹಾಬಾದಿ ಉರ್ದುವಿನಾಗ, "ಕುಛ್ ನೈ ಮೇಡಂ, ಸಾಫ್ ಮಾಲ್ ಹೈ" ಅಂದ್ರು. ಆಕಿ ಗಟ್ಟಿ ಮ್ಯಾಲ ಹತ್ತಿ ಒರಿಸಿ ಮಿಷನ್ನಿಗೆ ಹಾಕಿದಳು, ಹಸಿರು ದೀಪ ಹತ್ತಿತು. ನಾಯಿ ಸೀನಿತು. ಆಮ್ಯಾಲ ಆಕಿ ಖಡಕ್ ರೊಟ್ಟಿ ಒಂದು ತಗೊಂಡು ಟೇಬಲ್ಲಿಗೆ ಬಡಿದು, ಕಿವಿಗೊಟ್ಟು ಕೇಳಿ, ಇದು ಮನಿ ಕಟ್ಟೋ ಸಾಮಾನೇನು ಅಂತ ಕೇಳಿದಳು. ಊಟದ್ದು ಅಂದೆ. ಆಕಿಗೆ ನಮ್ಮ ಮ್ಯಾಲ ಕರುಣಾ ಬಂತು, ಬಿಟ್ಟಳು.

ಕ್ಲೌಸ್ ಸಾಹೇಬರ ಮಡಿ

ಕಂಪನಿ ಇದ್ದದ್ದು ಗುಡ್ಡದ ನಡುವಿನ ಒಂದು ಸಣ್ಣ ಊರಾಗ. ನಮ್ಮ ಚಿಂಚೋಳಿಗಿಂತ ಸಣ್ಣದು. ರಸ್ತಾದಾಗ ಮಂದಿ ಇಲ್ಲ, ಹಾರ್ನ್ ಇಲ್ಲ, ನಾಯಿ ಸುದ್ದಾ ಹಗ್ಗ ಕಟ್ಟಿಸ್ಕೊಂಡು ಸುಮ್ನ ನಡೀತಾವ. ಸಾಹುಕಾರ್ರು ಮೊದಲ ದಿನ ಪೂರಾ "ಇಲ್ಲಿ ಯಾರರ ತೀರ್ಕೊಂಡಾರೇನವಾ?" ಅಂತ ಕೇಳಾಕತ್ತಿದ್ರು.

ನಮಗ ಕಲಿಸೋರು ಕ್ಲೌಸ್. ಉದ್ದನ ಮನಿಶ್ಯಾ, ಮೀಸಿ ಬೆಳ್ಳಗ, ನಗು ಅನ್ನೋದು ಹಬ್ಬಕ್ಕೊಮ್ಮಿ. ಅವರ ಇಂಗ್ಲಿಷೂ ಕುಂಟು, ನಂದೂ ಕುಂಟು, ಅದಕ್ಕ ಇಬ್ಬರೂ ಒಂದೇ ಚಾಲಿಲೆ ನಡೆದ್ವಿ. ಮೊದಲ ಮಾತು, "ಕೈ ತೋರಿಸಿ." ತೋರಿಸ್ದೆ. ತೊಳಿಸಿದ್ರು. ಮತ್ತ ತೋರಿಸು ಅಂದ್ರು, ಸ್ಪಿರಿಟ್ಟಿಲೆ ತೊಳಿಸಿದ್ರು, ಅದರ ಮ್ಯಾಲ ಕೈಗವಸು ಹಾಕಿಸಿದ್ರು. ತಲಿಗೆ ಕೊಬ್ಬರಿ ಎಣ್ಣಿ ಹಚ್ಚೀನಿ ಅಂತ ಗೊತ್ತಾಗಿ ಒಂದರ ಮ್ಯಾಲ ಒಂದು ಟೊಪ್ಪಿಗಿ ಕೊಟ್ರು. ಪಿಂಗಾಣಿ ಮ್ಯಾಲ ಬೆರಳಿನ ಒಂದು ಗುರುತು ಬಿದ್ರೂ ಬೆಳ್ಳಿ ಅಲ್ಲಿ ಹತ್ತಂಗಿಲ್ಲವಂತ. ನಮ್ಮ ಮನಿ ದೇವರ ಜಗಲಿಗೂ ಇಷ್ಟು ಮಡಿ ಮಾಡಿದ್ದಿಲ್ಲ ನಾ.

ಕೆಲಸ ಹೇಳಾಕ ಸರಳ ಅದ. ಪಿಂಗಾಣಿ ಮತ್ತ ಲೋಹದ ಕಾಲರಿನ ನಡುವ ಬೆಳ್ಳಿ ತಾಮ್ರದ ತೆಳ್ಳನ ಹಾಳಿ ಇಡಬೇಕು. ಹಾಳ್ಯಾಗ ಒಂದಿಷ್ಟು ಟೈಟೇನಿಯಂ ಬೆರೆತಿರ್ತದ. ಭಟ್ಟಿಯೊಳಗಿನ ಗಾಳಿ ಪೂರಾ ಎಳೆದು ಖಾಲಿ ಮಾಡಿ ಕಾಯಿಸಿದ್ರ ಹಾಳಿ ಕರಗತದ, ಟೈಟೇನಿಯಂ ಹೋಗಿ ಪಿಂಗಾಣಿಯನ್ನ ಕಚ್ಚಿ ಹಿಡೀತದ, ಬೆಳ್ಳಿ ಅದರ ಬೆನ್ನ ಹತ್ತಿ ಹರೀತದ. ಗಾಳಿ ಉಳದ್ರ ಟೈಟೇನಿಯಂ ಗಾಳಿನೇ ಕಚ್ಚಿ ಕುಂದರ್ತದ, ಪಿಂಗಾಣಿ ಕಡೆ ಹೊಳ್ಳಿನೂ ನೋಡಂಗಿಲ್ಲ. ಕಾಲರಿನ ಲೋಹನೂ ಬ್ಯಾರೆ, ಪಿಂಗಾಣಿ ಜೋಡಿ ಹೊಂದಿಕೊಂಡು ಸ್ವಲ್ಪೇ ಉಬ್ಬೋ ಜಾತಿದು. ನಾ ಇದನ್ನ ಸಾಹುಕಾರ್ರಿಗೆ ಕನ್ನಡದಾಗ ಹೇಳಿದೆ.

"ಅಂದ್ರ ಟೈಟೇನಿಯಂ ಮಧ್ಯಸ್ಥಗಾರ," ಅಂದ್ರು. "ಎರಡೂ ಕಡೆ ಉಣ್ಣೋನು."

ಅವರು ಏನಂದ್ರು ಅಂತ ಕ್ಲೌಸ್ ಕೇಳಿದಾಗ ಅದನ್ನೂ ಇಂಗ್ಲಿಷಿಗೆ ತಿರುವಿ ಹೇಳಿದೆ. ಕ್ಲೌಸ್ ಭಾಳ ಹೊತ್ತು ವಿಚಾರ ಮಾಡಿ, "ಬರೋಬ್ಬರಿ ಇದೆ," ಅಂತ ಒಪ್ಪಿದ್ರು.

ಅಲ್ಲಿಯ ಮಂದಿಗೆ ಕಾಫಿ ವ್ಯಾಳ್ಯಾ ಅಂದ್ರ ವ್ಯಾಳ್ಯಾ. ಕ್ಲೌಸ್ ಮಾತಿನ ನಡುವ ಇದ್ರೂ ಅಲ್ಲಿಗೇ ನಿಲ್ಲಿಸಿ ಹೋಗ್ತಿದ್ರು, ಬಂದು ಆ ಮಾತು ಅಲ್ಲಿಂದಲೇ ಚಾಲೂ ಮಾಡ್ತಿದ್ರು. ನಮ್ಮ ಕಡೆ ಚಾ ಕುಡ್ಕೋತ ಕೆಲಸ, ಕೆಲಸ ಮಾಡ್ಕೋತ ಚಾ. ಶನಿವಾರ ನನ್ನ ಮೊದಲನೇ ಜೋಡು ತಯಾರಾತು. ಕೊಳವಿಯ ತುದಿ ಸ್ವಚ್ಛ ಮಾಡಿ ಗಾಜಿನ ತಟ್ಟಿ ಮ್ಯಾಲ ಇಟ್ಟು, ಕಾಲರು ಒರಿಸಿಟ್ಟು, ಕ್ಲೌಸ್ ಕಾಫಿಗೆ ಹೋದ್ರು. ನಾ ಕೈಗವಸು ಬದಲಿಸಾಕ ಒಳಗ ಹೋದೆ. ಸಾಹುಕಾರ್ರು ಸ್ಟೂಲಿನ ಮ್ಯಾಲ ಕುಂತಿದ್ರು. ಹೊರಗ ಬಂದು, ಹಾಳಿ ಸುತ್ತಿ, ಕಾಲರು ತೊಡಿಸಿ, ಉಸಿರು ಬಿಗಿ ಹಿಡಿದು ಭಟ್ಟಿಯೊಳಗ ಇಟ್ಟೆ. ಕ್ಲೌಸ್ ಕಾಫಿ ಮುಗಿಸಿ ಬಂದು ಬಾಗಿಲು ಹಾಕಿದ್ರು. ಕಾದು, ಮೆಲ್ಲಕ ಆರಿ, ಸೋಮವಾರ ತೆಗೆಯೋದು ಅಂತ ಠರಾವ್ ಆತು.

ಐತವಾರದ ರೊಟ್ಟಿ

ನಮಗ ಇಳಿಯಾಕ ಕೊಟ್ಟ ಮನಿ ಎರಡನೇ ಮಾಳಿಗಿ ಮ್ಯಾಲ. ಎದುರುಬದುರು ಖೋಲಿ, ನಡುವ ಅಡಗಿಮನಿ. ಐತವಾರ ಮುಂಜಾನೆ ಖಡಕ್ ರೊಟ್ಟಿ ತಿಂದು ಬ್ಯಾಸರಾಗಿತ್ತು. ಬಿಸಿ ರೊಟ್ಟಿ ಮಾಡೋಣ ಅಂತ ಹಿಟ್ಟು ನಾದಿ, ಅಡಗಿಮನಿ ಮೇಜಿನ ಮ್ಯಾಲ ಬಡಿಯಾಕ ಹತ್ತಿದೆ. ರೊಟ್ಟಿ ಸಣ್ಣದಿದ್ರೂ ಮೇಜು ಟೊಳ್ಳು, ಥಪಥಪ ಶಬ್ದ ಇಡೀ ಕಟ್ಟಡಕ್ಕ ಕೇಳಿರಬೇಕು. ಮೂರನೇ ರೊಟ್ಟಿಗೆ ಯಾರೋ ಬಾಗಿಲ ಗಂಟಿ ಬಾರಿಸಿದ್ರು.

ಕೆಳಗಿನ ಮನಿ ಅಜ್ಜಿ, ಹೆಸರು ಹಿಲ್ಡಾ. ಕೈಯಾಗ ಗಡಿಯಾರ. ಐತವಾರ ಗ್ವಾಡಿಗೆ ಮೊಳಿ ಹೊಡಿಯೋದು ಇಲ್ಲಿ ಕಾಯ್ದೆ ಪ್ರಕಾರ ತಪ್ಪು ಅಂತ ಕೈ ಮಾಡಿ ತಿಳಿಸಿದ್ರು. ಒಳಗ ಕರ್ದು ಹಿಟ್ಟು ತೋರಿಸಿದೆ. ಬಡಿದು ತೋರಿಸಿದೆ. ಅವರು ಗಡಿಯಾರ ನೋಡಿದ್ರು, ರೊಟ್ಟಿ ನೋಡಿದ್ರು, ಊಟಕ್ಕ ಸಂಬಂಧಪಟ್ಟ ಗದ್ದಲಕ್ಕ ಕಾಯ್ದೆ ಏನ್ ಹೇಳ್ತದ ಅನ್ನೋದು ಅವರಿಗೂ ಗೊತ್ತಿದ್ದಿಲ್ಲ. ಕಡೀಕ ಕುರ್ಚಿ ಎಳ್ಕೊಂಡು ನನ್ನ ಮುಂದೇ ಕುಂತ್ರು, ರೊಟ್ಟಿ ಹೊರತು ಬ್ಯಾರೆ ಏನೂ ಬಡಿಯದಂಗ ಕಾಯಾಕ.

"ಕುಂದ್ರಲಿ ಬಿಡವಾ, ಪಾಪ, ಒಬ್ಬಾಕೆ ಇರ್ತಾಳ ಕಾಣ್ತದ," ಅಂದ್ರು ಸಾಹುಕಾರ್ರು, ತಟ್ಟಿ ಮುಂದ ಸರಿಸಿ. ಹಿಲ್ಡಾಬಾಯಿ ಹಿಂಡಿ ಹಚ್ಚಿ ರೊಟ್ಟಿ ತಿಂದು, ಕಣ್ಣಾಗ ನೀರು ತಂದ್ಕೊಂಡು, ಮತ್ತೊಂದು ತಗೊಂಡ್ರು. ಅವತ್ತಿನಿಂದ ಅವರು ಸಾಹುಕಾರ್ರ ಜೋಡಿ ದಿನಾ ಸಂಜಿಗೆ ಮಾತಾಡಾಕ ಬರ್ತಿದ್ರು. ಅವರು ಜರ್ಮನ್, ಇವರು ಉರ್ದು. ಇಬ್ಬರೂ ತಮ್ಮ ತಮ್ಮ ಮಂಡಿನೋವು ಹೇಳ್ಕೋತಿದ್ರು, ನಡುವ ನನ್ನ ಗರಜು ಯಾರಿಗೂ ಬೀಳ್ಲಿಲ್ಲ.

ಸೋಮವಾರ, ಹೀಲಿಯಂ

ಭಟ್ಟಿ ತೆಗೆದಾಗ ನನ್ನ ಜೋಡು ಭಾಳ ಚಂದ ಕಂಡ್ತು. ಕಾಲರಿನ ಅಂಚಿಗೆ ಬೆಳ್ಳಿ ಹೊಳೀತಿತ್ತು. ನನಗಂತೂ ಭಟ್ಟಿ ಆಗಲೇ ಶಹಾಬಾದಿಗೆ ಬಂದಿಳಿದಷ್ಟು ಖುಷಿ. ಪರೀಕ್ಷಾ ಹೆಂಗಂದ್ರ, ಕೊಳವಿಯೊಳಗಿನ ಗಾಳಿ ಮಿಷನ್ನಿಲೆ ಎಳೀತಾರ, ಹೊರಗಿಂದ ಹೀಲಿಯಂ ಊದ್ತಾರ, ಬರ್ತ್‌ಡೇ ಫುಗ್ಗಾಕ್ಕ ತುಂಬತಾರಲ್ಲ ಅದೇ. ಜೋಡಿನಾಗ ಕೂದಲೆಳಿ ಸಂದಿ ಇದ್ರೂ ಹೀಲಿಯಂ ಒಳಗ ನುಗ್ಗತದ, ಮಿಷನ್ ಒದರ್ತದ.

ಮಿಷನ್ ಎಂಥಾ ಒದರಿತು ಅಂದ್ರ ಪಕ್ಕದ ಖೋಲಿ ಮಂದಿ ಓಡಿಬಂದ್ರು.

 ಎಲ್ಲಿ ತಪ್ಪಿದೆ ಅಂತ ನಾ ಹುಡುಕಾಕತ್ತಿದೆ, ಕ್ಲೌಸೂ ಹುಡುಕಾಕತ್ತಿದ್ರು. ಹಾಳಿ ಬರಾಬರ್ ಇತ್ತು, ಬಿಸಿ ಬರಾಬರ್ ಇತ್ತು. ಭಟ್ಟಿಯ ಮೀಟರಿನಾಗ ಮಾತ್ರ, ಕಾಯೋ ಹೊತ್ತಿನಾಗ ಎಲ್ಲಿಂದಲೋ ಗಾಳಿ ಬಿಟ್ಟಂಗ ಒಂದು ಏರು ಇತ್ತು. ಕಡೀಕ ಕ್ಲೌಸ್ ಕಾಲರು ಬಿಚ್ಚಿ ತೆಗೆದ್ರು. ಪಿಂಗಾಣಿ ಮ್ಯಾಲ ಬೆಳ್ಳಿ ಎಲ್ಲಾ ಕಡೆ ಹತ್ತಿತ್ತು, ಆದ್ರ ಉದ್ದಕ್ಕ ಮೂರು ಗೆರಿ ಬಿಟ್ಟಿತ್ತು. ಒಂದರ ಪಕ್ಕ ಒಂದು, ಒಂದೇ ಅಗಲದ್ದು, ಬೋಳು ಬಿಳಿ ಗೆರಿ. ಬೆಳ್ಳಿ ಅವುಗಳ ಅಂಚಿನ ತನಕ ಬಂದು ಅಲ್ಲೇ ನಿಂತುಬಿಟ್ಟಿತ್ತು.

"ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ," ಅಂದ್ರು ಕ್ಲೌಸ್.

ನಾ ಆ ಗೆರಿ ನೋಡ್ದೆ. ಎಲ್ಲೋ ನೋಡಿದಂಗ ಅನಸ್ತು. ತಲಿ ಎತ್ತಿ ಸಾಹುಕಾರ್ರ ಹಣಿ ನೋಡ್ದೆ. ಮತ್ತ ಗೆರಿ ನೋಡ್ದೆ. ಕ್ಲೌಸ್ ನನ್ನ ಕಣ್ಣು ಎಲ್ಲಿ ಹೊಂಟಾವ ನೋಡಿ, ತಾವೂ ಸಾಹುಕಾರ್ರ ಹಣಿ ನೋಡಿದ್ರು. 

"ಸಾಹುಕಾರ್ರೆ, ನೀವು ಶನಿವಾರ ಕೊಳವಿ ಮುಟ್ಟಿದ್ರೇನು?"

"ಮುಟ್ಟಿಲ್ಲವಾ. ವಿಭೂತಿ ಹಚ್ಚೀನಿ ಅಷ್ಟೇ."

"ಯಾಕ ಹಚ್ಚಿದ್ರಿ?"

"ಯಾಕ ಅಂದ್ರ?" ಅವರಿಗೆ ನನ್ನ ಪ್ರಶ್ನಿನೇ ತಿಳೀಲಿಲ್ಲ. "ಹೊಸಾ ಮಾಲು ಬೆಂಕಿಗೆ ಹೊಂಟದ, ಬೋಳು ಹಣಿಲೆ ಕಳಸ್ತಾರೇನು? ಊರಾಗ ದಿನಾ ಹಚ್ತೀನಿ, ಒಂದಿನ ನೀ ಬ್ಯಾಡಂದಿಲ್ಲ."

ಖರೇನೇ. ಊರಾಗ ನಮ್ಮ ಲೇಪಕ್ಕೂ ವಿಭೂತಿಗೂ ಏನೂ ಫರಕ್ ಬೀಳ್ತಿದ್ದಿಲ್ಲ, ಎರಡೂ ಬಿಳಿ, ಎರಡೂ ಉದುರ್ತಿದ್ವು. ಶನಿವಾರನೂ ಬಿಳಿ ಪಿಂಗಾಣಿ ಮ್ಯಾಲಿನ ಬಿಳಿ ಗೆರಿ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಆದ್ರ ನನಗ ಸಿಟ್ಟು ನೆತ್ತಿಗೇರ್ತು. ಅಷ್ಟು ದೂರದಿಂದ ಬಂದು, ಟೊಪ್ಪಿಗಿ ಮ್ಯಾಲ ಟೊಪ್ಪಿಗಿ ಹಾಕ್ಕೊಂಡು, ಉಸಿರು ಸುದ್ದಾ ಬಿಡದಂಗ ಕೆಲಸ ಮಾಡೀನಿ. ಶೆಡ್ಡಿನಾಗ ಆ ಹೆಣ್ಮಕ್ಕಳು ಮುಂಜಾನೆದ್ದು ಮೊಬೈಲ್ ನೋಡ್ಲಿಕತ್ತಾರ, ಅಕ್ಕಾ ಆತೇನು ಅಂತ ಕೇಳ್ಲಿಕತ್ತಾರ. "ಫರ್ಸಿ ಗೋಡೌನಿಗೂ ನೀವೇ ವಿಭೂತಿ ಹಚ್ರಿ ಇನ್ನ," ಅಂತ ಅಂದೇಬಿಟ್ಟೆ. ಸಾಹುಕಾರ್ರು ಸ್ಟೂಲಿನ ಮ್ಯಾಲ ಹೋಗಿ ಕುಂತ್ರು, ಟೊಪ್ಪಿಗಿ ತೆಗೆದು ತೊಡಿ ಮ್ಯಾಲ ಇಟ್ಕೊಂಡ್ರು.

ಬೂದಿಯ ಕಾಗದ

ಕ್ಲೌಸ್ ಬಯ್ಯಬೇಕಾಗಿತ್ತು. ಅವರು ಬಯ್ಯೋದು ಬಿಟ್ಟು ಭೂತಗಾಜು ಹಿಡಿದು ಗೆರಿ ನೋಡಾಕ ಹತ್ತಿದ್ರು. ಬೆಳ್ಳಿ ಹರೀಬಾರದ ಜಾಗಕ್ಕ ಅವರು ಒಂದು ಬಿಳಿ ಬಣ್ಣ ಹಚ್ತಾರಂತ, ಅದರ ಅಂಚು ಯಾವಾಗ್ಲೂ ಹಲ್ಲು ಹಲ್ಲು ಆಗ್ತದಂತ. ಇದರ ಅಂಚು ನೋಡಿದ್ರ ಸೂಜಿಲೆ ಎಳದಂಗ ಅದ. ಆ ಪುಡಿ ನನಗ ಸ್ವಲ್ಪ ಕೊಡ್ರಿ ಅಂದ್ರು. ಸಾಹುಕಾರ್ರು ಮೋತಿ ಇಳಿಬಿಟ್ಕೊಂಡಿದ್ರೂ ಕಿಸೆದಿಂದ ಗಟ್ಟಿ ತೆಗೆದು ಕೊಟ್ರು.

ಆದ್ರ ಆ ಕಟ್ಟಡದೊಳಗ ಯಾವ ಪುಡಿ ಇಡಬೇಕಾದ್ರೂ ಸುರಕ್ಷಾ ಕಾಗದ ಬೇಕು. ಕಾಗದ ಇಲ್ಲದ ಪುಡಿ ಅಂದ್ರ ಅವರಿಗೆ ಬಾಂಬು ಇದ್ದಂಗ. ಕ್ಲೌಸ್ ಕಂಪ್ಯೂಟರ್ ಮುಂದ ಕುಂತು ಕೇಳಿದ್ರು, ನಾ ಸಾಹುಕಾರ್ರಿಗೆ ಕೇಳಿದೆ, ಅವರು ಹೇಳಿದ್ದನ್ನ ತಿರುಗಿ ಕ್ಲೌಸಿಗೆ ಹೇಳಿದೆ. ತಯಾರಕರು ಯಾರು? ನಮ್ಮಕ್ಕ. ಕಚ್ಚಾ ವಸ್ತು? ಆಕಳು. ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಒರಿಸ್ಕೋಬೇಕು. ನುಂಗಿದರೆ? ಛಲೋ. ಬೆಂಕಿ ಹತ್ತುವ ಅಪಾಯ?

"ಹತ್ತಂಗಿಲ್ಲ ಅನ್ನವಾ," ಅಂದ್ರು ಸಾಹುಕಾರ್ರು. "ಅದು ಆಗಲೇ ಹತ್ತಿ ಮುಗದದ."

ಕ್ಲೌಸ್ ಒಂದೊಂದನ್ನೂ ನಗದ ಟೈಪ್ ಮಾಡಿದ್ರು. ಛಾಪಿಸಿ, ಸಹಿ ಹಾಕಿಸಿ, ಕಡತದಾಗ ಸೇರಿಸಿದ್ರು. ಕೆಟ್ಟ ಜೋಡು ಎಲ್ಲಿ ಹೋತು ಅಂತ ಕೇಳಿದ್ರ ಒಂದು ಗಾಜಿನ ಕಪಾಟು ತೋರಿಸಿದ್ರು. ಅದರಾಗ ಇಷ್ಟು ವರ್ಷದ ಕೆಟ್ಟ ಜೋಡುಗಳನ್ನೆಲ್ಲ ಚೀಟಿ ಅಂಟಿಸಿ ಸಾಲಾಗಿ ಇಟ್ಟಾರ. ನಂದು ನಡುವಿನ ಸಾಲಿನಾಗ ಕುಂತಿತ್ತು, ಒಳ್ಳೇ ದೀಪದ ಬೆಳಕಿನಾಗ.

ಆಮ್ಯಾಲ ಕ್ಲೌಸ್ ಗಂಭೀರಾದ್ರು. ಬೂದಿ ಕಾದು ಭಟ್ಟಿಯೊಳಗ ಗಾಳಿ ಬಿಟ್ಟದ, ಭಟ್ಟಿ ಖಾಲಿ ಕಾಯಿಸಿ ಸ್ವಚ್ಛ ಮಾಡಬೇಕು. ಅದು ಮುಗಿಯೋದ್ರಾಗ ನಾವು ಹೊರಡೋದಕ್ಕ ಮುಂಚೆ ಒಂದೇ ಸಲ ಕಾಯಿಸಾಕ ವ್ಯಾಳ್ಯಾ ಉಳೀತದ. "ಒಂದೇ ಅವಕಾಶ, ಮಹಾನಂದಾ," ಅಂದ್ರು. ಅವತ್ತು ರಾತ್ರಿ ನಾ ರೊಟ್ಟಿ ಬಡಿಲಿಲ್ಲ. ಹಿಲ್ಡಾಬಾಯಿ ಬಂದು, ಶಬ್ದ ಯಾಕಿಲ್ಲ ಅಂತ ವಿಚಾರಿಸಿ ಹೋದ್ರು.

ಗರಗಸ

ಎರಡನೇ ಜೋಡು ಮಾಡೋ ದಿನ ಸಾಹುಕಾರ್ರು ಒ‍ಳಗ ಬರ್ಲಿಲ್ಲ. ನಾ ಏನೂ ಹೇಳಿದ್ದಿಲ್ಲ, ತಾವೇ ಹೊರಗಿನ ಬಾಕಿನ ಮ್ಯಾಲ ಕುಂತ್ರು, ಎರಡೂ ಕೈ ಬಗಲಾಗ ಒತ್ತಿ ಹಿಡ್ಕೊಂಡು. ಕಿಟಕ್ಯಾಗಿಂದ ನೋಡಿ ನನಗ ಕೆಟ್ಟೆನಸ್ತು. ಆದ್ರೂ ಬರ್ರಿ ಒಳಗ ಅಂತ ಕರೀಲಿಲ್ಲ.

ಕಾದು ಆರಿದ ಮ್ಯಾಲ ಭಟ್ಟಿ ತೆಗೆದ್ವಿ. ಮಿಷನ್ನಿಗೆ ಹಚ್ಚಿದ್ವಿ. ಕ್ಲೌಸ್ ಹೀಲಿಯಂ ಊದಿದ್ರು, ಸುತ್ತಾ ಊದಿದ್ರು, ಮತ್ತೊಮ್ಮಿ ಊದಿದ್ರು. ಮಿಷನ್ ಹೂಂ ಅನ್ಲಿಲ್ಲ, ಹಾಂ ಅನ್ಲಿಲ್ಲ. ನಾ ಓಡಿಹೋಗಿ ಸಾಹುಕಾರ್ರನ್ನ ಕರ್ಕೊಂಡು ಬಂದೆ. ಅವರು ಜೋಡನ್ನ ಮುಟ್ಟದ, ದೂರ ನಿಂತು, ಅದಕ್ಕ ಕೈ ಮುಗಿದ್ರು.

"ಇದನ್ನ ಜಗಲಿ ಮ್ಯಾಲ ಇಡೋಣವಾ," ಅಂದ್ರು. ನಮ್ಮ ಕಡೆ ಮೊದಲನೇ ಛಲೋ ಮಾಲನ್ನ ಮಾರಂಗಿಲ್ಲ. ಹೂವು ಹಾಕಿ ದೇವರ ಮುಂದ ಇಡ್ತೀವಿ. ನನ್ನ ಮನಸ್ಸಿನಾಗೂ ಅದೇ ಇತ್ತು. ಸೀರಿ ನಡುವ ಸುತ್ತಿ ಒಯ್ಯೋದು ಅಂತ ಲೆಕ್ಕ ಹಾಕಿ ಇಟ್ಟಿದ್ದೆ.

ಕ್ಲೌಸ್ ಜೋಡು ತಗೊಂಡು ಮೂಲ್ಯಾಗಿನ ಒಂದು ಸಣ್ಣ ಗರಗಸಕ್ಕ ಕಟ್ಟಾಕ ಹತ್ತಿದ್ರು.

"ಏನು ಮಾಡ್ಲಿಕತ್ತೀರಿ?" ಅಂತ ನಾ ಕನ್ನಡದಾಗೇ ಕೇಳಿಬಿಟ್ಟೆ.

"ಕೊಯ್ಯಬೇಕು," ಅಂದ್ರು. ಸೋರಂಗಿಲ್ಲ ಅಂದ್ರಷ್ಟೇ ಸಾಲಂಗಿಲ್ಲ, ಒಳಗ ಬೆಳ್ಳಿ ಪೂರಾ ಹರದದೋ, ನಡುನಡುವ ಪೊಳ್ಳು ಉಳದದೋ ನೋಡಬೇಕು. ಪೊಳ್ಳು ಇದ್ರ ಬಿಸಿಗೆ ನಾಳೆ ಬಿಚ್ಚತದ. ಪೊಳ್ಳು ಕಂಡ್ರ ಭಟ್ಟಿ ಇಲ್ಲ. ಕೆಟ್ಟದನ್ನ ಯಾಕ ಕೊಯ್ಯಬೇಕು, ಅದು ಕೆಟ್ಟದ ಅಂತ ಗೊತ್ತೇ ಅದ, ಅದಕ್ಕ ಇಡ್ತೀವಿ. ಮೊದಲನೇ ಒಳ್ಳೇದನ್ನ ಯಾವಾಗ್ಲೂ ಕೊಯ್ತೀವಿ. ಇದು ಅವರ ರೂಢಿ.

ನಾ ಸಾಹುಕಾರ್ರಿಗೆ ಹೇಳಿದೆ. ಅವರ ಮೋತಿ ಬಿಳಚಿತು. "ಬ್ಯಾಡ ಅನ್ನು. ಪಾಸಾಗೇದಲ್ಲ, ಸಾಕು. ಕೆಟ್ಟದ್ದು ಕಪಾಟಿನಾಗ ಹೂವಿನಂಗ ಕುಂತದ, ಛಲೋದಕ್ಕ ಗರಗಸ. ಇದ್ಯಾವ ನ್ಯಾಯ?" ಅಂತ ಕ್ಲೌಸ್ ಮತ್ತ ಗರಗಸದ ನಡುವ ಹೋಗಿ ನಿಂತ್ರು. ಕ್ಲೌಸಿಗೂ ಏನು ಮಾಡಬೇಕು ತಿಳೀಲಿಲ್ಲ. ಅವರ ಕಡತದಾಗ ಇದಕ್ಕ ಕಾಗದ ಇದ್ದಿಲ್ಲ.

ನನಗೂ ಕೊಯ್ಯೋದು ಬ್ಯಾಡಾಗಿತ್ತು. ನನ್ನ ಜೀವಮಾನದಾಗ ಮುರೀದ ಜೋಡು ಅಂತ ಮಾಡಿದ್ದು ಅದೊಂದೇ. ಹಂಗೇ ಒಯ್ದು ದೇವರ ಮುಂದ ಇಟ್ರ ಅದು ಮುರಿಯಂಗೂ ಇಲ್ಲ, ಭಟ್ಟಿ ಬರಂಗೂ ಇಲ್ಲ. ಕೊಯ್ಸಿ, ಒಳಗ ಪೊಳ್ಳು ಇದ್ರ ಅದೂ ಹೋತು, ಇದೂ ಹೋತು. ಕಡೀಕ ಹೇಳಿದೆ, "ಸರೀರಿ ಸಾಹುಕಾರ್ರೆ. ಕೊಯ್ಯಲಿ. ಒಳಗ ಏನದ ನನಗೂ ನೋಡಬೇಕು."

ಅವರು ಸರಿದ್ರು. ಗ್ವಾಡಿ ಕಡೆ ಮುಖ ಮಾಡಿ ನಿಂತ್ರು. ಬಟನ್ ಒತ್ತಾಕ ಕ್ಲೌಸ್ ನನಗೇ ಹೇಳಿದ್ರು, ಒತ್ತಿದೆ. ಗರಗಸ ತಿರುಗಿತು, ನೀರು ಸುರೀತು, ಜೋಡು ಎರಡು ಹೋಳಾಗಿ ತಟ್ಟ್ಯಾಗ ಬಿತ್ತು. ಕ್ಲೌಸ್ ಒಂದು ಹೋಳನ್ನ ಅರೆದು ಅರೆದು ಕನ್ನಡಿಯಂಗ ನುಣ್ಣಗ ಮಾಡಿ ಸೂಕ್ಷ್ಮದರ್ಶಕದ ಕೆಳಗ ಇಟ್ಟು ನೋಡಿದ್ರು. ಭಾಳ ಹೊತ್ತು ನೋಡಿದ್ರು. ಆಮ್ಯಾಲ ಕುರ್ಚಿ ಬಿಟ್ಟು ಎದ್ದು, "ಕುಳಿತುಕೊಳ್ಳಿ. ನೀವೇ ನೋಡಿ," ಅಂದ್ರು.

ಒಂದು ಕಡೆ ಬಿಳಿ ಪಿಂಗಾಣಿ, ಇನ್ನೊಂದು ಕಡೆ ಬೂದು ಲೋಹ. ನಡುವ ಬೆಳ್ಳಿ ಎಳಿ. ಈ ತುದಿಯಿಂದ ಆ ತುದಿತನಕ ಪೊಳ್ಳು ಹುಡುಕಿದೆ. ಮತ್ತ ಆ ತುದಿಯಿಂದ ಈ ತುದಿತನಕ ಹುಡುಕಿದೆ. ಎಲ್ಲೂ ಇದ್ದಿಲ್ಲ.

"ಭಟ್ಟಿ ಕಳಿಸುತ್ತೇವೆ," ಅಂದ್ರು ಕ್ಲೌಸ್.

ನನಗ ಅಳು ಬಂತು. ಅತ್ತೆ. ಟೊಪ್ಪಿಗಿ ತೆಗೆದು ಕಣ್ಣು ಒರಿಸ್ಕೊಂಡೆ, ಇನ್ನ ಮಡಿ ಹಾಳಾದ್ರ ಆಗ್ಲಿ ಅಂತ. ಊರಿನ ಹೆಣ್ಮಕ್ಕಳಿಗೆ ಸುದ್ದಿ ಹಾಕಬೇಕು ಅಂತ ಮೊಬೈಲ್ ತೆಗೆದ್ರ ಅಕ್ಷರ ಕಾಣವಲ್ದು. ಆಗ ನೋಡ್ದೆ, ಸಾಹುಕಾರ್ರು ಎರಡೂ ಹೋಳು ಅಂಗೈಯಾಗ ಹಿಡ್ಕೊಂಡು, ಧೋತರದ ಚುಂಗಿಲೆ ಒರಿಸಿ, ಒಂದಕ್ಕೊಂದು ಒತ್ತಿ ಕೂಡಿಸಾಕ ನೋಡಾಕತ್ತಿದ್ರು. ಕೂಡ್ತಿದ್ದಿಲ್ಲ. ನಡುವ ಗರಗಸ ತಿಂದಷ್ಟು ಜಾಗಾ ಉಳೀತಿತ್ತು.

"ಮಹಾನಂದಾ, ಇವನ್ನ ಮತ್ತ ಕೂಡಿಸಾಕ ಬರ್ತದೇನವಾ?"

"ಯಾಕ ಬೇಕ್ರಿ?" ಅಂದೆ. "ಊರಿಗೆ ಭಟ್ಟಿ ಬರ್ಲಿ. ಕೊಯ್ಯಾಕ ಒಂದು ಮಾಡ್ತೀನಿ, ಜಗಲಿ ಮ್ಯಾಲ ಇಡಾಕ ಒಂದು ಮಾಡ್ತೀನಿ."